ಮುನಿನಾರಾಯಣಮ್ಮನವರ ಹಲ್ಲಿನ ವಿದೇಶ ಪ್ರಯಾಣ

ಮನುಷ್ಯನ ಬಾಯಲ್ಲಿ ಸಾಮಾನ್ಯವಾಗಿ ಮೂವತ್ತೆರಡು ಹಲ್ಲುಗಳಿರುತ್ತವೆ. ಅವುಗಳ ಪೈಕಿ ಯಾವುದಾದರೂ ಒಂದು ಚಿನ್ನದ್ದಾಗಿದ್ದಲ್ಲಿ, ಸದರಿ ಹಲ್ಲು ದೇಶದ ಗಡಿ ದಾಟುವ ಮುನ್ನ ಲಿಖಿತ ಅನುಮತಿ ಪಡೆಯತಕ್ಕದ್ದು. ಉಳಿದ ಮೂವತ್ತೊಂದರ ಬಗ್ಗೆ ಯಾವ ಆಕ್ಷೇಪಣೆಯೂ ಇಲ್ಲ.

ಈ ನಿಯಮವನ್ನು ಜಾರಿಗೆ ತರಲೆಂದು 1983ರಲ್ಲಿ ರಾಬರ್ಟ್‌ಸನ್‌ಪೇಟೆಯ ಒಂದು ಸೈಕಲ್ ಅಂಗಡಿಯ ಮಹಡಿಯ ಮೇಲೆ ತೆರೆದದ್ದೇ ನಮ್ಮ ದೇಹಸ್ಥ ಸ್ವರ್ಣ ಪರಿಶೀಲನಾ ಕಚೇರಿ. ಇಲ್ಲಿ ನಾನು, ಅಂದರೆ ಆದಿನಾರಾಯಣ, ಎರಡನೇ ದರ್ಜೆ ಗುಮಾಸ್ತ. ನನ್ನ ಮೇಲೆ ವಿಶ್ವನಾಥ್ ಸಾಹೇಬರು, ಅವರ ಮೇಲೆ ಫ್ಯಾನು. ಇಲ್ಲಿಯ ಗಣಿಯ ಚಿನ್ನ ಜನರ ಬಾಯೊಳಗೆ ಕೂತುಕೊಂಡು ವಿದೇಶಕ್ಕೆ ಹೊರಟುಬಿಟ್ಟರೆ ದೇಶದ ಗತಿಯೇನು ಎಂದು ಮೇಲಿನವರಿಗೆ ಯಾರಿಗೋ ಚಿಂತೆ ಹತ್ತಿತ್ತು. ಆದ್ದರಿಂದ ಗಣಿಗೆ ಹನ್ನೆರಡು ಮೈಲಿಯೊಳಗಿನ ಊರುಗಳಲ್ಲಿ ಯಾರ ಮೈಯಲ್ಲಿ ಬಿಚ್ಚಲಾಗದ ಚಿನ್ನವಿದೆ ಎಂದು ಪಟ್ಟಿ ಮಾಡಿ, ಎಲ್ಲ ವಿಮಾನ ನಿಲ್ದಾಣಗಳಿಗೂ ಕಳಿಸುವುದು ನಮ್ಮ ಕರ್ತವ್ಯ.

ರಿಜಿಸ್ಟರ್ ಹಿಡಿದು ಹಳ್ಳಿಗಳಿಗೆ ಹೊರಟವನು ನಾನೇ. ಜನ ಅಡಗಿಸಿಡುತ್ತಾರೆ, ಕಾಡಿಸುತ್ತಾರೆ ಎಂದುಕೊಂಡಿದ್ದೆ. ಆದರೆ ನಮ್ಮ ಬಂಗಾರಪೇಟೆ ಸೀಮೆಯವರಿಗೆ ಒಂದು ನಂಬಿಕೆಯಿದೆ. ಸರ್ಕಾರ ಏನನ್ನಾದರೂ ಬರೆದುಕೊಂಡು ಹೋದರೆ ಮುಂದೆ ಏನನ್ನಾದರೂ ಕೊಟ್ಟೇ ಕೊಡುತ್ತದೆ. ಹಿಂದೆ ಎಮ್ಮೆ ಎಣಿಸಿಕೊಂಡು ಹೋದವರು ಮರುವರ್ಷ ಹುಲ್ಲಿನ ಬೀಜ ಹಂಚಿದ್ದರಂತೆ. ಹಾಗಾಗಿ ಜನ ಬಾಯಿ ತೆರೆದುಕೊಂಡೇ ಸಾಲಾಗಿ ನಿಂತರು.

“ನಂದು ಎರಡು ಬರ್ಕೊ ಸ್ವಾಮಿ,” ಎಂದರು ಮಂಗಮ್ಮ ಎಂಬವರು, ದವಡೆಯನ್ನು ನನ್ನ ಮೂಗಿನ ಹತ್ತಿರ ತಂದು. ಅವರ ಹಿಂದೆಯೇ ಪಕ್ಕದ ಮನೆಯ ಮುನಿನಾರಾಯಣಮ್ಮ. ಮೂರು ಎಮ್ಮೆ ಕಟ್ಟಿಕೊಂಡು ಹಾಲು ಮಾರುವ ಹೆಂಗಸು. ಮುಂದಿನ ಹಲ್ಲೊಂದು ಬಿಸಿಲಿಗೆ ಥಳಥಳ ಎಂದಿತು.

“ಚಿನ್ನದ್ದೇನಮ್ಮ?” ಎಂದು ಕೇಳಿದೆ.

“ಮತ್ತೆ? ಇತ್ತಾಳೆ ಕಟ್ಟಿಸ್ಕೊಳ್ಳಾಕೆ ನಾವೇನು ಗತಿಗೆಟ್ಟೋರಾ? ಬರ್ಕೊಳಪ್ಪ,” ಎಂದು ಮಂಗಮ್ಮನ ಕಡೆ ಒಂದು ನೋಟ ಬಿಟ್ಟರು. ನಾನು ಬರೆದುಕೊಂಡೆ.

ಮರುವರ್ಷ ಅವರ ಮಗಳು ಆದಿಲಕ್ಷ್ಮಿ ಚೊಚ್ಚಲ ಬಸುರಿಯಾದಳು. ಅವಳಿದ್ದದ್ದು ಕುವೈತಿನಲ್ಲಿ, ಗಂಡ ಗೋಪಾಲ್ ಅಲ್ಲಿ ವೆಲ್ಡರ್. ಅತ್ತೆ ಇಲ್ಲ, ನಾದಿನಿ ಇಲ್ಲ, ಬಾಣಂತನಕ್ಕೆ ತಾಯಿಯೇ ಆಗಬೇಕು. ಅಳಿಯ ಟಿಕೆಟ್ಟನ್ನೂ ವೀಸಾವನ್ನೂ ಕಳಿಸಿದ. ಮುನಿನಾರಾಯಣಮ್ಮ ಬಜೆ, ಒಣಶುಂಠಿ, ಮೆಣಸು, ಮನೆಯಲ್ಲೇ ಕಾಯಿಸಿದ ಹರಳೆಣ್ಣೆ ಎಲ್ಲವನ್ನೂ ಗಂಟು ಕಟ್ಟಿ, ಎಮ್ಮೆಗಳನ್ನು ಮಂಗಮ್ಮನಿಗೆ ಒಪ್ಪಿಸಿ, ಹೆರಿಗೆಗೆ ಇನ್ನೂ ಒಂದು ತಿಂಗಳಿರುವಾಗಲೇ ಬಂಗಾರಪೇಟೆಯಲ್ಲಿ ರೈಲು ಹತ್ತಿದರು. ಮೊಮ್ಮಗುವಿಗೆ ಮೊದಲ ನೀರು ತಾವೇ ಹುಯ್ಯಬೇಕು ಎಂಬುದೊಂದೇ ಅವರ ಹಟ.

ವಿಮಾನ ನಿಲ್ದಾಣ ಯಾವುದೆಂದು ಹೇಳಿದರೆ ನನ್ನ ಹೆಸರೂ ಯಾವುದಾದರೂ ಪಟ್ಟಿ ಸೇರೀತು, ಅದು ಬೇಡ. ಅಲ್ಲಿಯ ಅಧಿಕಾರಿ ಪಾಸ್‌ಪೋರ್ಟ್ ನೋಡಿದ, ಟಿಕೆಟ್ ನೋಡಿದ, ವೀಸಾ ನೋಡಿದ, ಕೊನೆಗೆ ನಮ್ಮ ಪಟ್ಟಿ ತೆಗೆದ. “ಅಮ್ಮಾ, ಸ್ವಲ್ಪ ನಗಿ,” ಎಂದ. ಪಟ್ಟಣದಲ್ಲಿ ಎಷ್ಟು ಒಳ್ಳೆಯ ಹುಡುಗರಿದ್ದಾರೆ ಎಂದುಕೊಂಡು ಮುನಿನಾರಾಯಣಮ್ಮ ಬಾಯಿ ತುಂಬ ನಕ್ಕರು.

“ನೀವು ಹೋಗಬಹುದು. ಹಲ್ಲು ಹೋಗುವಂತಿಲ್ಲ,” ಎಂದ ಅಧಿಕಾರಿ.

ವಿಮಾನ ಇಬ್ಬರನ್ನೂ ಬಿಟ್ಟು ಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಪೂಜಾರಿಯ ಕಷ್ಟ ಯಾರಿಗೂ ತಿಳಿಯುವುದಿಲ್ಲ.

ಮೂರನೇ ದಿನ ಬಜೆಯ ಗಂಟಿನ ಸಮೇತ ಅವರು ನಮ್ಮ ಮಹಡಿ ಹತ್ತಿದರು.

“ಸ್ವಾಮಿ, ಅದು ಚಿನ್ನ ಅಲ್ಲ. ಇತ್ತಾಳೆ. ಮಾರ್ಕೆಟ್‌ನಾಗೆ ಚಾಪೆ ಆಸ್ಕೊಂಡು ಅಲ್ಲು ಕಟ್ತಾನಲ್ಲ, ಅವನು ಐದು ರೂಪಾಯ್ಗೆ ಆಕಿದ್ದು. ಆ ಮಂಗಮ್ಮನ್ ಮುಂದೆ ಸಣ್ಣೋಳಾಗ್ಬಾರ್ದು ಅಂತ ಅಂಗಂದ್ಬುಟ್ಟೆ. ತಪ್ಪಾಯ್ತು. ಇದನ್ನ ಕಿತ್ತಾಕಿ, ನಾನು ಓಗ್ಬೇಕು.”

ವಿಶ್ವನಾಥ್ ಸಾಹೇಬರು ನ್ಯಾಯವಂತರು. ಕೂಡಲೇ ಅಕ್ಕಸಾಲಿ ಕೋದಂಡಾಚಾರಿಯನ್ನು ಕರೆಸಿದರು. ಹಲ್ಲನ್ನು ಒರೆಗಲ್ಲಿಗೆ ಉಜ್ಜಲು ಸಾಧ್ಯವಿಲ್ಲದ ಕಾರಣ ಆಚಾರಿ ಒರೆಗಲ್ಲನ್ನೇ ಹಲ್ಲಿಗೆ ಉಜ್ಜಿದ. “ಶುದ್ಧ ಹಿತ್ತಾಳೆ ಸಾರ್,” ಎಂದ.

ಸಾಹೇಬರ ಮುಖ ಗಂಭೀರವಾಯಿತು. “ದಾಖಲೆಯಲ್ಲಿ ಚಿನ್ನವಿದೆ. ಬಾಯಲ್ಲಿ ಹಿತ್ತಾಳೆಯಿದೆ. ಹಾಗಾದರೆ ಚಿನ್ನ ಎಲ್ಲಿ ಹೋಯಿತು?”

ಪ್ರಶ್ನೆ ನಿಜಕ್ಕೂ ಚೆನ್ನಾಗಿತ್ತು. ಕೋಣ ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಂದು ನಮ್ಮ ಕಚೇರಿಯನ್ನು ಕೆಳಗಿನ ಸೈಕಲ್ ಅಂಗಡಿಯವನು ಆಡಿಕೊಳ್ಳುತ್ತಾನೆ. ಅವನಿಗೆ ರಿಜಿಸ್ಟರ್ ಎಂದರೇನೆಂದು ಗೊತ್ತಿಲ್ಲ. ಕೋಣ ಈದದ್ದು ರಿಜಿಸ್ಟರಿನಲ್ಲಿದ್ದರೆ ಕಟ್ಟದೆ ಇರಲು ನಾವು ಯಾರು?

ಹಲ್ಲನ್ನು ಕೀಳುವ ಸಲಹೆಯನ್ನೂ ಪರಿಶೀಲಿಸಲಾಯಿತು. ಕಿತ್ತರೆ ಸಾಕ್ಷ್ಯನಾಶ. ಅಲ್ಲದೆ ಪಾಸ್‌ಪೋರ್ಟಿನಲ್ಲಿ ಗುರುತಿನ ಚಿಹ್ನೆ ಎಂಬ ಕಡೆ ‘ಮುಂದಿನ ಹೊಳೆಯುವ ಹಲ್ಲು’ ಎಂದು ಬರೆದಿತ್ತು. ಹಲ್ಲಿದ್ದರೆ ಅವರು ಹೋಗುವಂತಿಲ್ಲ, ಇಲ್ಲದಿದ್ದರೆ ಅವರು ಅವರೇ ಅಲ್ಲ. ಆದ್ದರಿಂದ ಕಡತವನ್ನು ಮೇಲಕ್ಕೆ ಕಳಿಸಿ, ಕುವೈತಿಗೆ ಒಂದು ಪತ್ರ ಬರೆದೆವು: ‘ಶ್ರೀಮತಿ ಆದಿಲಕ್ಷ್ಮಿಯವರಿಗೆ ತಿಳಿಯಪಡಿಸುವುದೇನೆಂದರೆ, ತಮ್ಮ ತಾಯಿಯವರ ಹಲ್ಲಿನ ವಿಚಾರ ಇತ್ಯರ್ಥವಾಗುವವರೆಗೆ ತಮ್ಮ ಹೆರಿಗೆಯನ್ನು ತಡೆಹಿಡಿಯತಕ್ಕದ್ದು.’

ಪತ್ರ ತಲುಪುವ ಮೊದಲೇ ಗಂಡುಮಗುವಾಯಿತು ಎಂದು ತಂತಿ ಬಂತು. ಸಾಹೇಬರು ಅದನ್ನು ‘ಅನುಮತಿಯಿಲ್ಲದೆ ಜರುಗಿದ್ದು’ ಎಂದು ಷರಾ ಬರೆದು ಕಡತಕ್ಕೆ ಸೇರಿಸಿದರು. ಮುನಿನಾರಾಯಣಮ್ಮ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಆ ಕೂಸಿಗೆ ಯಾರು ನೀರುಯ್ದರೋ ಏನೋ,” ಎಂದರು. ನಾನು ಪೆನ್ನು ತೆಗೆದೆ. ಆದರೆ ಅದನ್ನು ಬರೆಯಲು ನಮ್ಮ ನಮೂನೆಯಲ್ಲಿ ಅಂಕಣವಿಲ್ಲ.

ಪ್ರತಿ ಸೋಮವಾರ ಅವರು ಬಂದು ಹಲ್ಲು ತೋರಿಸಿ ಹೋಗುತ್ತಿದ್ದರು. ಬರುವಾಗ ಒಂದು ಲೋಟ ಗಟ್ಟಿ ಮೊಸರು ತರುತ್ತಿದ್ದರು, ಸಾಹೇಬರು ಅದನ್ನು ಬೇಡವೆನ್ನುತ್ತಲೇ ತಿನ್ನುತ್ತಿದ್ದರು. ಹೀಗೆ ನಾಲ್ಕು ವರ್ಷ ಕಳೆಯಿತು. 1988ರಲ್ಲಿ ಆದೇಶ ಬಂತು. ‘ಸದರಿ ಹಲ್ಲು ಹಿತ್ತಾಳೆಯಂತೆ ವರ್ತಿಸುತ್ತಿರುವ ಚಿನ್ನವೆಂದು ತೀರ್ಮಾನಿಸಲಾಗಿದೆ. ಇಬ್ಬರ ಜಾಮೀನಿನ ಮೇಲೆ ಮೂರು ತಿಂಗಳ ಮಟ್ಟಿಗೆ ವಿದೇಶಕ್ಕೆ ಹೋಗಬಹುದು. ವ್ಯಕ್ತಿ ಹಿಂದಿರುಗದಿದ್ದರೂ ಹಲ್ಲು ಹಿಂದಿರುಗತಕ್ಕದ್ದು. ಉದ್ದೇಶ: ಮಗಳ ಚೊಚ್ಚಲ ಹೆರಿಗೆ.’ ಸುದ್ದಿ ಹಬ್ಬಿ, ಮರುದಿನ ಮಂಗಮ್ಮ ಎರಡು ಹಲ್ಲಿನ ಜೊತೆಗೆ ಒಂದು ಹಿತ್ತಾಳೆ ಹಂಡೆಯನ್ನೂ ಚಿನ್ನವೆಂದು ಬರೆಸಲು ಹೊತ್ತು ತಂದರು.

ಒಂದೇ ತೊಡಕು. ಚೊಚ್ಚಲು ಮುಗಿದಿತ್ತು. ಆದಿಲಕ್ಷ್ಮಿ ಆಗ ಎರಡನೆಯ ಬಸುರಿ.

“ಉದ್ದೇಶ ಬದಲಾದರೆ ಮೊದಲಿನಿಂದ ಅರ್ಜಿ ಹಾಕಬೇಕು,” ಎಂದರು ಸಾಹೇಬರು.

“ಇನ್ನೂ ನಾಕೊರ್ಸವಾ? ನನ್ನ ಎಣಾನೇ ಕಳ್ಸಿ ಸ್ವಾಮಿ ಆವಾಗ. ಅದ್ರಾಗೂ ಅಲ್ಲು ಇರ್ತದೆ,” ಎಂದರು ಮುನಿನಾರಾಯಣಮ್ಮ.

ಸಾಹೇಬರು ಕರಗಿದರು. ಅಂದು ಮೊಸರೂ ಚೆನ್ನಾಗಿತ್ತು. ತಮ್ಮ ಅಧಿಕಾರದೊಳಗೇ ಒಂದು ತಿದ್ದುಪಡಿ ಹೊರಡಿಸಿದರು: ‘ಮುಂದೆ ಹುಟ್ಟುವ ಮಗುವನ್ನು ಚೊಚ್ಚಲು ಎಂದು ಪರಿಗಣಿಸತಕ್ಕದ್ದು. ಈಗಾಗಲೇ ಇರುವ ಬಾಲಕನನ್ನು ಇನ್ನೂ ಜನಿಸದವನೆಂದು ಭಾವಿಸತಕ್ಕದ್ದು.’ ಗೋಪಾಲ್ ಕುವೈತಿನಿಂದಲೇ ಒಪ್ಪಿ ಸಹಿ ಮಾಡಿ ಕಳಿಸಿದ. ಮುನಿನಾರಾಯಣಮ್ಮ ಹೆಬ್ಬೆಟ್ಟು ಒತ್ತಿದರು. ಜಾಮೀನುದಾರರಾಗಿ ಆಚಾರಿ ಮತ್ತು ನಾನು. ನಿಲ್ದಾಣದ ಅಧಿಕಾರಿ ಈ ಸಲ ಹಲ್ಲಿಗೆ ಸಲಾಂ ಹೊಡೆದು ಒಳಗೆ ಬಿಟ್ಟನಂತೆ.

ಮೂರು ತಿಂಗಳಾದ ಮೇಲೆ ಹಲ್ಲನ್ನು ಹಾಜರುಪಡಿಸಲು ಅವರು ಬಂದರು. ಹಲ್ಲು ಸರಿಯಿತ್ತು. ಹೆಣ್ಣುಮಗುವಂತೆ. ದಿನವೂ ಎಣ್ಣೆ ಒತ್ತಿ ನೀರು ಹಾಕಿ ಬಂದರಂತೆ. ಸಾಹೇಬರು ಸಂತೋಷಪಟ್ಟರು. ಆದರೆ ಮುನಿನಾರಾಯಣಮ್ಮ ಬೆಂಚು ಬಿಟ್ಟು ಏಳಲಿಲ್ಲ.

“ದೊಡ್ಡೋನು ಬಾಗ್ಲು ತೆಗ್ದು, ‘ಯಾರು ನೀವು?’ ಅಂದ ಸ್ವಾಮಿ. ಎಣ್ಣೆ ಒತ್ತೀನಿ ಬಾರಪ್ಪ ಅಂದ್ರೆ ನಾಚ್ಕೊಂಡು ಅವರಪ್ಪನ್ ಇಂದೆ ಓಡೋದ. ನಾನು ವಾಪಸ್ ಬರೋಗಂಟ ಅತ್ರಾನೇ ಬರ್ನಿಲ್ಲ. ಅವ್ನಿಗೆ ಒಂದಿನಾನೂ ನೀರುಯ್ಯಾಕೆ ಆಗ್ನಿಲ್ಲವಲ್ಲ.”

ಸಾಹೇಬರು ಕಡತ ತರಿಸಿ, ಹಾಳೆ ತಿರುವಿ, ಮೃದುವಾಗಿ ಹೇಳಿದರು: “ಯಾಕಮ್ಮ ಅಳುತ್ತೀರಿ? ದಾಖಲೆ ಪ್ರಕಾರ ಅವನು ಇನ್ನೂ ಹುಟ್ಟೇ ಇಲ್ಲವಲ್ಲ.”

ಮುನಿನಾರಾಯಣಮ್ಮ ಸಾಹೇಬರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮೂಗು ಒರೆಸಿಕೊಂಡು, “ಅಂಗಾರೆ ಅವ್ನು ಉಟ್ಟೋಕೆ ಒಂದು ಅರ್ಜಿ ಬರ್ಕೊಳಪ್ಪ,” ಎಂದರು.

ನಾನು ಬರೆದುಕೊಂಡೆ. ಈ ಸಲ ಸಾಕಷ್ಟು ಮುಂಚಿತವಾಗಿಯೇ ಅರ್ಜಿ ಬಂದಿರುವುದರಿಂದ, ಹೆರಿಗೆಯ ಹೊತ್ತಿಗೆ ಅನುಮತಿ ಸಿಗಲಿದೆ ಎಂದು ಕಚೇರಿಯಲ್ಲಿ ಎಲ್ಲರೂ ನಂಬಿದ್ದೇವೆ.