ಕೇಳಿಸಿಕೊಂಡ ಅಪರಾಧ

ಹೆಂಡತಿ: ಅದೆಲ್ಲ ನನಗೆ ಗೊತ್ತಿಲ್ಲ. ಮೂರು ಗಂಟೆಗೆ ಅವರು ನಾಲ್ಕು ಜನ ಬರ್ತಾರೆ, ನಾನೊಬ್ಬಳು, ಒಟ್ಟು ಐದು. ನೀವು ಚಪ್ಪಲಿ ಮೆಟ್ಕೊಂಡು ಆಚೆ ಹೊರಡಿ.

ಗಂಡ: ನನ್ನ ಮನೆಯಿಂದ ನಾನೇ ಆಚೆ ಹೋಗಬೇಕಾ?

ಹೆಂಡತಿ: ನಾನೆಲ್ಲಿ ಕಳಿಸ್ತಿದ್ದೀನಿ? ದೇಶ ಕಳಿಸ್ತಿದೆ.

ಮೂವತ್ತು ವರ್ಷ ಸರ್ಕಾರದ ಕಾನೂನುಗಳ ಕರಡು ಬರೆದು ನಿವೃತ್ತರಾದ ಈ ಗಂಡನನ್ನು ಬೀದಿಯವರೆಲ್ಲ ‘ಕಲಂ ಯಜಮಾನರು’ ಎಂದೇ ಕರೆಯುತ್ತಿದ್ದರು. ಅವರು ಬರೆದ ಕೊನೆಯ ಕರಡು ಎರಡು ವರ್ಷ ಯಾವುದೋ ಕಪಾಟಿನಲ್ಲಿ ಮಲಗಿದ್ದು, ಈಗ ಎದ್ದು ಮೈಮುರಿದು ಕಾಯಿದೆಯಾಗಿತ್ತು. ಅಂದು ಬೆಳಗ್ಗೆಯಷ್ಟೇ ಜಾರಿಗೆ ಬಂದಿತ್ತು. ಪತ್ರಿಕೆಯಲ್ಲಿ ಅಚ್ಚಾದ ಕಲಮನ್ನು ಅವರೇ ಹೆಂಡತಿಗೆ ಎರಡು ಸಲ ಗಟ್ಟಿಯಾಗಿ ಓದಿ ಹೇಳಿದ್ದರು. ಒಂದು ಸಲ ಓದಿದ್ದರೆ ಸಾಕಿತ್ತೇನೋ.

ಹೆಂಡತಿ: ನೀವೇ ಓದಿದ್ರಲ್ಲ? ‘ಐವರಿಗಿಂತ ಹೆಚ್ಚು ಮಂದಿ ಸೇರಿ, ಒಬ್ಬರು ಓದುವುದನ್ನಾಗಲಿ ಹೇಳುವುದನ್ನಾಗಲಿ ಕೇಳಿದರೆ ಅದು ಸಭೆ. ಸಭೆಗೆ ಏಳು ದಿನ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು.’

ಗಂಡ: ಅದು ಗಲಾಟೆ ಮಾಡೋರಿಗೆ ಬರೆದದ್ದು ಕಣೇ! ದೇಶದ ಶಾಂತಿಗೆ.

ಹೆಂಡತಿ: ಗಲಾಟೆ ಮಾಡೋರಿಗೆ ಅಂತ ಎಲ್ಲಿ ಬರೆದಿದ್ದೀರಿ?

ಗಂಡ: ಅದನ್ನ ಬೇರೆ ಬರೀಬೇಕಾ? ಅರ್ಥ ಮಾಡ್ಕೋಬೇಕು.

ಹೆಂಡತಿ: ಬರೀದೆ ಇರೋದನ್ನ ಅರ್ಥ ಮಾಡ್ಕೊಳ್ಳೋದು ಹೆಂಡತಿಯರ ಕೆಲಸ. ಪೊಲೀಸಿನೋರಿಗೆ ಅದು ಬರಲ್ಲ. ನಮ್ಮ ಐದು ಜನರ ಮೊಣಕಾಲು ಎಲ್ಲ ಸೇರಿಸಿದ್ರೂ ಮೆಟ್ಟಿಲು ಹತ್ತೋ ಒಂದು ಜೊತೆ ಸಿಗಲ್ಲ. ಆದ್ರೂ ನಿಮ್ಮ ದೇಶ ನಮಗೆ ಹೆದರ್ಕೊಂಡಿದೆ. ಪಾಪ, ಇರಲಿ. ಹೊರಡಿ ನೀವು.

ಮಂಗಳವಾರದ ಮಧ್ಯಾಹ್ನ ಆ ಮನೆಯಲ್ಲಿ ಕಾದಂಬರಿ ಓದುವ ವಾಡಿಕೆ. ಎದುರುಮನೆಯ ಅತ್ತಿಗೆ, ಮಹಡಿಯ ಟೀಚರು, ರಾತ್ರಿ ಪಾಳಿ ಮುಗಿಸಿದ ನರ್ಸಮ್ಮ ಬರುತ್ತಿದ್ದರು. ಆದರೆ ಓದು ಶುರುವಾದದ್ದು ದರ್ಜಿ ಅಕ್ಕನಿಗಾಗಿ. ನಲವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಅವಳ ಕಣ್ಣುಗಳು ಈಗ ಬಾಗಿಲಿಗೂ ಕಿಟಕಿಗೂ ವ್ಯತ್ಯಾಸ ತಿಳಿಯದಷ್ಟು ಮಂಜಾಗಿದ್ದವು. ಈ ಕಾದಂಬರಿಯ ಕೊನೆಯ ಅಧ್ಯಾಯವೊಂದೇ ಉಳಿದಿತ್ತು. ಪುಸ್ತಕ ಅಂದು ಸಂಜೆ ಐದಕ್ಕೆ ಲೈಬ್ರರಿಗೆ ವಾಪಸ್ಸು.

ಗಂಡ: ನಾನು ಒಳಗಿನ ಕೋಣೇಲಿ ಪೇಪರ್ ಓದ್ಕೊಂಡು ಇರ್ತೀನಿ. ನಾನೇನು ನಿಮ್ಮ ಸಭೇಲಿ ಕೂರ್ತೀನಾ?

ಹೆಂಡತಿ: ಕೆಳಗಡೆ ‘ವಿವರಣೆ’ ಅಂತ ಒಂದಿತ್ತಲ್ಲ, ಅದನ್ನ ಓದಿ.

ಗಂಡ: (ಮೆಲ್ಲಗೆ) ‘ಸಭೆಯ ಮಾತು ಯಾರ ಕಿವಿಗೆ ಬೀಳುತ್ತದೋ ಅವರು ಸಭೆಯಲ್ಲಿ ಹಾಜರಿದ್ದಾರೆಂದೇ ಭಾವಿಸತಕ್ಕದ್ದು.’

ಹೆಂಡತಿ: ಆಹಾ! ಯಾರು ಬರೆದದ್ದಪ್ಪಾ ಇದನ್ನ?

ಗಂಡ: ಸಾಹೇಬರು ಕೇಳಿದ್ರು, ಪಕ್ಕದ ಕೋಣೇಲಿ ಕೂತು ತಪ್ಪಿಸ್ಕೊಂಡ್ರೆ ಏನು ಮಾಡೋದು ಅಂತ. ಒಂದೇ ಸಾಲಲ್ಲಿ ಮುಚ್ಚಿಬಿಟ್ಟೆ. ಒಂದು ಇಲಿ ನುಸುಳೋಕೂ ಜಾಗ ಬಿಟ್ಟಿಲ್ಲ ಕಣಯ್ಯಾ ಅಂತ ಬೆನ್ನು ತಟ್ಟಿದ್ರು.

ಹೆಂಡತಿ: ಆ ಇಲಿ ನೀವೇ ಅಂತ ಅವರಿಗೆ ಗೊತ್ತಿರಲಿಲ್ಲ.

ಯಜಮಾನರು ಕುರ್ಚಿ ಬಿಟ್ಟು ಏಳಲಿಲ್ಲ. ಮೂವತ್ತು ವರ್ಷದ ಅನುಭವವೆಲ್ಲ ಈಗ ತಮ್ಮದೇ ಗೋಡೆಯಲ್ಲಿ ಕನ್ನ ಹುಡುಕತೊಡಗಿತು.

ಗಂಡ: ಒಂದು ಉಪಾಯ ಇದೆ. ನರ್ಸಮ್ಮ ಎರಡನೇ ಪುಟಕ್ಕೇ ನಿದ್ದೆ ಹೋಗ್ತಾಳೆ. ನಿದ್ದೆ ಮಾಡೋರ ಕಿವಿಗೆ ಮಾತು ಬೀಳಲ್ಲ. ಅವಳು ಲೆಕ್ಕಕ್ಕಿಲ್ಲ. ಆ ಜಾಗಕ್ಕೆ ನಾನು.

ಹೆಂಡತಿ: ನಡುವೆ ಎಚ್ಚರ ಆದ್ರೆ?

ಗಂಡ: ಎಚ್ಚರ ಆದ ಕ್ಷಣದಿಂದ ಅಪರಾಧ.

ಹೆಂಡತಿ: ಅಂದ್ರೆ ಈ ದೇಶದಲ್ಲಿ ಮಲಗಿದ್ರೆ ತಪ್ಪಿಲ್ಲ, ಎದ್ರೆ ತಪ್ಪು. ನೀವು ಹೀಗೆ ಮಾಡಿ, ಕಿವಿಗೆ ಹತ್ತಿ ತುರುಕ್ಕೊಂಡು ಒಳಗೇ ಇರಿ.

ಗಂಡ: ಹತ್ತಿ ಇಟ್ಕೊಂಡ ಮೇಲೆ ಇದ್ದು ಏನು ಪ್ರಯೋಜನ?

ಬಾಯಿಂದ ಬಿದ್ದ ಮಾತನ್ನು ಹೆಂಡತಿ ನಿಧಾನವಾಗಿ ಎತ್ತಿಕೊಂಡಳು.

ಹೆಂಡತಿ: ಓಹೋ! ಕಾದಂಬರಿ ಅಂದ್ರೆ ಕೆಲಸ ಇಲ್ಲದೋರ ಕಾಲಹರಣ ಅಂತಿದ್ದೋರು ಯಾರು?

ಗಂಡ: ಈಗಲೂ ಅಂತೀನಿ.

ಹೆಂಡತಿ: ನನಗೆ ಗೊತ್ತಿಲ್ವಾ? ಕಥೆ ಬಿಗಿಯಾದಾಗೆಲ್ಲ ಒಳಗೆ ಪೇಪರ್ ಮಗುಚೋ ಸದ್ದು ನಿಂತುಹೋಗುತ್ತೆ. ಹೋದ ವಾರ ಆ ದೋಣಿ ನಡೆಸೋ ಹುಡುಗಿ ಅತ್ತಾಗ, ಮೂಗು ಸೀಟಿದ ಸದ್ದು ನನ್ನದಾ, ದರ್ಜಿ ಅಕ್ಕನದಾ?

ಗಂಡ: ನನಗೆ ಶೀತ ಆಗಿತ್ತು. (ದನಿ ತಗ್ಗಿಸಿ) ಅವಳು ಆ ಗಡಿಯಾರ ರಿಪೇರಿಯವನನ್ನ ಕ್ಷಮಿಸ್ತಾಳಾ?

ಹೆಂಡತಿ: ಅದು ಕೊನೇ ಅಧ್ಯಾಯದಲ್ಲಿದೆ.

ಗಂಡ: ಆಮೇಲೆ ನೀನೇ ಹೇಳಿಬಿಡು, ಆಗದಾ?

ಹೆಂಡತಿ: ‘ಕ್ಷಮಿಸಿದಳು’ ಅಂತ ಒಂದೇ ಮಾತಲ್ಲಿ ಹೇಳಿಬಿಡ್ಲಾ? ಹನ್ನೊಂದು ವಾರ ಕೇಳಿದ್ದು ಆ ಒಂದು ಮಾತಿಗಾ? ನೋಡಿ, ಒಳಗೇ ಇರ್ತೀನಿ ಅಂದ್ರೆ ದರ್ಜಿ ಅಕ್ಕನಿಗೆ ನೀವೇ ಹೇಳಿ, ಇವತ್ತು ಹೊರಗೆ ನಿಂತ್ಕೋ ಅಂತ.

ಅದು ಯಜಮಾನರಿಂದ ಆಗದ ಮಾತು. ಅವರು ಚಪ್ಪಲಿ ಮೆಟ್ಟಿದರು.

ಹೊರಗೆ ಬಂದವರು ತೀರ ಹೊರಗೇನೂ ಹೋಗಲಿಲ್ಲ. ಕಿಟಕಿಯ ಕೆಳಗೆ ಗೋಡೆಗೊರಗಿ, ಬೀದಿ ನೋಡುವವರಂತೆ ನಿಂತರು. ಒಳಗೆ ಓದು ಶುರುವಾಗಿ ಐದು ನಿಮಿಷವಾಗಿರಬಹುದು, ಪೇದೆಯೊಬ್ಬ ಕೇಸು ಬರೆಯುವ ಹೊಸ ಪುಸ್ತಕವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ.

ಪೇದೆ: ಒಳಗೆ ಎಷ್ಟು ಜನ ಇದ್ದಾರೆ, ಯಜಮಾನ್ರೇ?

ಗಂಡ: ಐದು. ಸರಿಯಾಗಿ ಐದು.

ಪೇದೆ: ನೀವು?

ಗಂಡ: ನಾನು ಗೋಡೆಯ ಈಚೆ.

ಪೇದೆ: ಓದೋದು ಕೇಳಿಸ್ತಿದೆಯಾ?

ಗಂಡ: ಯಾವ ಓದು?

ಒಳಗಿನಿಂದ ಹೆಂಡತಿಯ ದನಿ ತೇಲಿ ಬಂತು: ‘ಅವಳು ಹಗ್ಗ ಬಿಚ್ಚಿದಳು. ದೋಣಿ ಒಮ್ಮೆ ತಡವರಿಸಿ, ನೀರಿನ ಮಾತು ಕೇಳಿತು...’

ಗಂಡ: ಅಯ್ಯೋ, ಹೊರಟೇಬಿಟ್ಟಳಲ್ಲ!

ಪೇದೆ: (ಪುಸ್ತಕ ಬಿಚ್ಚಿ) ಆರು ಜನ. ಅನುಮತಿ ಪತ್ರ?

ಗಂಡ: ತಡೀರಿ. ಹಗ್ಗ ಬಿಚ್ಚಿದ್ದು ನಿಮಗೂ ಕೇಳಿಸ್ತಾ?

ಪೇದೆ: ಕೇಳಿಸ್ತಲ್ಲ.

ಗಂಡ: ಹಾಗಾದ್ರೆ ಏಳು ಅಂತ ಬರ್ಕೊಳ್ಳಿ. ಏಳನೆಯವರು ನೀವು.

ಪೇದೆ: ನಾನು ಡ್ಯೂಟಿ ಮೇಲಿದ್ದೀನಿ ಸ್ವಾಮೀ!

ಗಂಡ: ಡ್ಯೂಟಿಗೆ ವಿನಾಯಿತಿ ಇಲ್ಲ. ಕಲಂ ಬರೆದವನು ನಾನು. ಒಂದು ಇಲಿಗೂ ಜಾಗ ಬಿಟ್ಟಿಲ್ಲ.

ಪೇದೆ: ನೀವಾ ಬರೆದದ್ದು? ಕಲಂ ಓದದೆ ಹೋದ್ರೆ ಅಪರಾಧ ಗೊತ್ತಾಗಲ್ಲ, ಕೇಳದೆ ಹೋದ್ರೆ ಹಿಡಿಯೋಕಾಗಲ್ಲ, ಕೇಳಿದ್ರೆ ನಾನೇ ಒಳಗೆ ಹೋಗ್ತೀನಿ. ಬರೆಯೋವಾಗ ನಮ್ಮಂಥೋರನ್ನ ಒಂಚೂರು ನೆನೆಸ್ಕೋಬಾರದಾ?

ಗಂಡ: (ತಲೆ ತಗ್ಗಿಸಿ) ಯಾರನ್ನೂ ನೆನೆಸ್ಕೊಂಡಿರಲಿಲ್ಲಪ್ಪ. ಈಗ ಇಬ್ಬರೂ ಕೇಳಿಸದಷ್ಟು ದೂರ ಹೋಗೋದೇ ದಾರಿ.

ಇಬ್ಬರೂ ಬೀದಿಯ ತಿರುವಿನವರೆಗೆ ನಡೆದರು. ಯಜಮಾನರ ಕಾಲು ಮುಂದಕ್ಕೆ, ಕುತ್ತಿಗೆ ಹಿಂದಕ್ಕೆ. ದನಿ ಸಣ್ಣದಾಗುತ್ತ ಬಂದು, ಕಡೆಗೆ ಇಲ್ಲವಾಯಿತು. ದೋಣಿ ಯಾವ ದಡಕ್ಕೆ ಹೊರಟಿತೋ ತಿಳಿಯದೆ, ಯಜಮಾನರು ತಿರುವಿನ ಕಟ್ಟೆಯ ಮೇಲೆ, ಮನೆಯಿದ್ದೂ ಇಲ್ಲದವರಂತೆ ಕುಳಿತರು.

ಅಷ್ಟರಲ್ಲಿ ಕಿಟಕಿಯ ಎರಡೂ ಬಾಗಿಲು ದಢಾರನೆ ತೆರೆದವು. ಹೆಂಡತಿ ಹೊರಗೊಮ್ಮೆ ಬಗ್ಗಿ, ಗೋಡೆಯ ಬುಡ ನೋಡಿ, ಬೀದಿಯುದ್ದಕ್ಕೂ ಕಣ್ಣು ಹಾಯಿಸಿ, ತಿರುವಿನಲ್ಲಿ ಕೂತ ಗಂಡನನ್ನು ಕಂಡಳು. ಪುಸ್ತಕವನ್ನು ಕಿಟಕಿಗೆ ತಂದು, ಓದು ನಿಂತಲ್ಲಿಂದ ಮುಂದುವರಿಸಿದಳು. ಮರುಕ್ಷಣ, ಆ ಮೆತ್ತನೆಯ ಗಂಟಲಲ್ಲಿ ಇಷ್ಟು ದಿನ ಎಲ್ಲಿತ್ತೋ ಎನ್ನುವಂಥ ದನಿ ಬೀದಿಗೆ ಬಿತ್ತು. ಹಣ್ಣಿನ ಗಾಡಿಯವನು ತೂಗುವುದನ್ನು ನಿಲ್ಲಿಸಿದ. ಸೈಕಲ್ ರಿಪೇರಿಯವನು ಚಕ್ರ ತಿರುಗದಂತೆ ಹಿಡಿದುಕೊಂಡ. ಮೇಲಿನ ಮಹಡಿಗಳಲ್ಲಿ ಬಟ್ಟೆ ಹರವುತ್ತಿದ್ದ ಕೈಗಳು ತಂತಿಯ ಮೇಲೇ ನಿಂತವು.

ಪೇದೆ: ಎಂಟು, ಒಂಬತ್ತು... ಆ ಮಹಡಿ ಮೇಲೆ ಮೂವರು... ಹದಿನೇಳು... ಯಾರೂ ಒಂದು ಹೆಜ್ಜೆ ಅಲುಗಿಲ್ಲ, ಇಡೀ ಬೀದಿ ಸಭೆಗೆ ಬಂದುಬಿಡ್ತಲ್ಲ! ಯಜಮಾನ್ರೇ, ಯಾರನ್ನ ಹಿಡೀಲಿ? ಕಲಂ ಏನು ಹೇಳುತ್ತೆ? ಯಜಮಾನ್ರೇ! ನಿಮ್ಮನ್ನೇ ಕೇಳ್ತಿರೋದು!

ಗಂಡ: ಶ್! ಸುಮ್ನಿರ್ರೀ, ಏನೂ ಕೇಳಿಸ್ತಿಲ್ಲ!

ಪೇದೆ ಅವರ ಮುಖವನ್ನೇ ನೋಡಿದ. ಆಮೇಲೆ ಪೆನ್ನು ಬಿಚ್ಚಿ, ‘ಸ್ಥಳದಲ್ಲಿದ್ದವರನ್ನು ವಿಚಾರಿಸಲಾಗಿ, ಏನೂ ಕೇಳಿಸುತ್ತಿಲ್ಲವೆಂದು ಹೇಳಿಕೆ ಕೊಟ್ಟಿರುತ್ತಾರೆ’ ಎಂದು ದುಂಡಗೆ ಬರೆದ. ಪುಸ್ತಕ ಮುಚ್ಚಿದ. ಕಟ್ಟೆಯ ಮೇಲೆ ಕೂತು, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

ಪೇದೆ: ಸ್ವಲ್ಪ ಆ ಕಡೆ ಸರೀರಿ. ನೀವು ಕೂತ ಜಾಗಕ್ಕೆ ದನಿ ಚೆನ್ನಾಗಿ ಬರ್ತಿದೆ.