ಬಂದಾನೋ, ಇಲ್ಲೋ?

ಹದಿನೆಂಟು ವರ್ಷ ಆತು ನೋಡ್ರಿ, ರಾಯಚೂರಾಗ ಬಾಡಿಗಿ ಕಾರು ಓಡಿಸಾಕತ್ತಿ. ಒಂದು ವಾರ ನೆಟ್ಟಗ ಹೋಗಿದ್ದು ನೆನಪಿಲ್ಲ. ನನ್ನ ಗಾಡ್ಯಾಗ ಯಾರು ಕುಂತರೂ ಏನರ ಒಂದು ಆಗೇ ಆಗ್ತದ. ಅದಕ್ಕ ನಾನು ಅನುಮಾನದ ಮನುಷ್ಯಾ ಆಗೀನಿ. ಹಿಂದಿನ ಸೀಟಿನವರು ಸುಮ್ಮನ ಕುಂತ್ರ ಅನುಮಾನ, ನಕ್ಕರ ಇನ್ನೂ ಜಾಸ್ತಿ ಅನುಮಾನ. ನನ್ನ ಹೆಂಡತಿ ನನಗಿಂತ ಒಂದು ಕೈ ಮ್ಯಾಲ. ಅಕಿ ಊರು ಕೇರಿ ಬಿಟ್ಟು ನನ್ನ ಮ್ಯಾಲನ ಅನುಮಾನ ಪಡ್ತಾಳ.

ನಾವು ಅಜ್ಜನ ಕಾಲದಿಂದ ಕ್ರೈಸ್ತರು. ಹೋದ ವರ್ಷ ಮಗಳಿಗೆ ದೇವದುರ್ಗದ ಕಡಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಸಾಲಿ ಮಾಸ್ತರ, ನನ್ನ ಮಗಳೂ ಟೀಚರು. ಇಬ್ಬರೂ ಬಿ.ಎಡ್. ಕೂಡೇ ಓದಿದವರು, ಮನಸ್ಸಿಗೆ ಮನಸ್ಸು ಕೂಡಿತ್ತು. ಉಳಿದದ್ದು ಹುಡುಗನ ಅಪ್ಪನ "ಹೂಂ" ಒಂದ. ಆ ಬೀಗರು ಚರ್ಚಿನ ಹಿರಿಯರು, ಅನುಮಾನದಾಗ ನನಗ ಗುರು ಆಗೋವಂಥವರು. ಹುಡುಗಿ ಫೋಟೋ ಕೊಟ್ರ ತಿರುವಿ ಹಿಂದ ಏನು ಬರದದ ಅಂತ ನೋಡಿದ್ರು. "ಮನೆತನ ಚಲೋ ಅದ. ನಂಬಿಕಿ ಹೆಂಗದ ಅಂತ ನೋಡಿ ಹೇಳ್ತೀನಿ" ಅಂದು ಹೋಗಿದ್ರು. ಮಗಳು ಊಟ ಬಿಟ್ಟು ಅದೊಂದು ಮಾತಿಗೆ ಕಿವಿ ಕೊಟ್ಟು ಕುಂತಿದ್ಲು. ಸರಿಯಾಗಿ ಆ ಹೊತ್ತಿನಾಗನ ನನಗ ಈ ಗಿರಾಕಿ ಸಿಕ್ಕರು.

ಪಶ್ಚಿಮ ಠಾಣೆ

ಹನಿ ನೀರಾವರಿ ಪೈಪಿನ ಕಂಪನಿಯವರು ಎರಡು ತಿಂಗಳಿಗೆ ನನ್ನ ಗಾಡಿ ಹಿಡಿದ್ರು. ಅವರ ಇಂಜಿನಿಯರ್ ಸಾಹೇಬರನ್ನ ಕರಕೊಂಬರಾಕ ಸ್ಟೇಷನ್ನಿಗೆ ಹೋದೆ. ಐವತ್ತರ ಸುಮಾರು ವಯಸ್ಸು, ನಮ್ಮಂಗನ ಬಣ್ಣ, ನೆತ್ತಿ ಮ್ಯಾಲ ಸಣ್ಣ ದುಂಡನ ಟೊಪಿಗಿ. ಹಿಂದಿ, ಮರಾಠಿ, ನಡುನಡು ಮುರುಕು ಕನ್ನಡ.

"ಎಲ್ಲಿಂದ ಬಂದ್ರಿ ಸಾಹೇಬ್ರ?" ಅಂದೆ.

"ಠಾಣೆಯಿಂದ."

ಪೊಲೀಸರು! ಯಾವ ಪಾಪ ಮಾಡೀನಿ ಅಂತ ಮನಸ್ಸಿನ್ಯಾಗ ಹುಡುಕಿದೆ, ನಾಲ್ಕೈದು ಸಿಕ್ಕವು.

"ಯಾವ ಠಾಣೆರಿ? ಪೂರ್ವನೋ, ಪಶ್ಚಿಮನೋ?"

"ಪಶ್ಚಿಮ" ಅಂದ್ರು ಭಾಳ ಖುಷಿಲೆ. "ನಿಮಗೆ ಗೊತ್ತು?"

ಗಾಡಿ ಬಾಜೂಕ ನಿಲ್ಲಿಸಿ ಲೈಸೆನ್ಸು, ಇನ್ಶೂರೆನ್ಸು, ಆರ್.ಸಿ. ಎಲ್ಲಾ ತಗದು ಅವರ ತೊಡಿ ಮ್ಯಾಲ ಇಟ್ಟೆ. ಅವರು ಒಂದೊಂದ ಹಾಳಿ ಶಾಂತ ರೀತಿ ಓದಿ, "ಎಲ್ಲಾ ಸರಿ ಅದೆ, ಭಾವೂ. ಆದ್ರೆ ನನಗೆ ಯಾಕೆ ಕೊಟ್ರಿ?" ಅಂದ್ರು. ಆಮ್ಯಾಲ ತಿಳೀತು, ಠಾಣೆ ಅನ್ನೋದು ಮುಂಬೈ ಬಗಲಿನ ಊರು, ಅದರಾಗೂ ಪೂರ್ವ, ಪಶ್ಚಿಮ ಅದಾವ, ಭಾವೂ ಅಂದ್ರ ಮರಾಠಿಯಾಗ ಅಣ್ಣ. ನಾನು ಆ ಹೊತ್ತಿಗೆ ಅದನ್ನ ಭಾವ ಅಂತ ತಿಳದು, ಇವರಿಗೆ ಕೊಡಾಕ ನನಗ ತಂಗಿ ಇಲ್ಲಲ್ಲಾ ಅಂತ ಚಿಂತಿ ಮಾಡಾಕತ್ತಿದ್ದೆ.

ಟೊಪಿಗಿ ನೋಡಿ "ನೀವು ಸಾಬರೇನ್ರಿ?" ಅಂತ ಕೇಳಿದೆ. "ಅಲ್ಲ. ನಾವು ಯೆಹೂದಿ" ಅಂದ್ರು. ಬ್ರೇಕ್ ಒತ್ತಿದೆ. ಬೈಬಲಿನ್ಯಾಗ ಓದಿದ ಯೆಹೂದ್ಯರು ನನ್ನ ಹಿಂದಿನ ಸೀಟಿನ್ಯಾಗ! ಅವರ ಪೂರ್ವಜರು ಎಷ್ಟೋ ಕಾಲದ ಹಿಂದ ಹಡಗು ಒಡದು ಕೊಂಕಣದ ದಂಡಿಗೆ ಬಿದ್ದವರಂತ, ಅಲ್ಲೇ ಉಳಿದು ಮರಾಠಿ ಮಾತಾಡೋರಾದ್ರಂತ.

ಮನಿಗೆ ಬಂದು ಹೆಂಡತಿಗೆ ಹೇಳಿದೆ. ಅಕಿ ಮುಸುರಿ ಭಾಂಡಿ ಕೆಳಗಿಟ್ಟು ಅಂದ್ಲು: "ಯೆಹೂದ್ಯರಂದ್ರ ಯೇಸುಸ್ವಾಮಿ ಇನ್ನೂ ಬಂದಿಲ್ಲ ಅನ್ನೋರಲ್ಲೇನು? ಅವರು ಪೊಲೀಸರ ಆಗಿದ್ರ ಚಲೋ ಇತ್ತು. ಬೀಗರಿಗೆ ಹೇಳಾಕ ಬರ್ತಿತ್ತು."

ಏಳೂವರಿ

ಸಾಹೇಬರಿಗೆ ಮಾನ್ವಿಯಾಗ ಒಂದು ಬಾಡಿಗಿ ಖೋಲಿ ಹಿಡಿದು ಕೊಟ್ಟೆ. ಮನಿ ಒಡತಿ ಅಕ್ಕಿ ಗಿರಣಿಯವರ ಮನ್ಯಾಕಿ, ಭಾಳ ಭಕ್ತಿವಂತಿ. ಮೊದಲನೇ ಶನಿವಾರ ಸಾಹೇಬರು ಗಾಡಿ ಹತ್ತಲಿಲ್ಲ, ಫೋನ್ ಮುಟ್ಟಲಿಲ್ಲ, ಒಲಿ ಹಚ್ಚಲಿಲ್ಲ. ಎರಡನೇ ಶನಿವಾರಾನೂ ಹಂಗ. ಆ ಯವ್ವಗ ಅನುಮಾನ ಬಂತು. ನನ್ನ ಕರದು ಕಿಟಕಿ ತೋರಿಸಿ, "ತಮ್ಮಾ, ಏನರ ಕಳುವು ಗಿಳುವು ಮಾಡಿ ಬಂದು ಅಡಗ್ಯಾರೇನು ನೋಡು" ಅಂದ್ಲು.

ಭಾನುವಾರ ಸಾಹೇಬರು ಹೊರಗ ಬಂದಾಗ ತಾನ ಕೇಳಿದ್ಲು. ಅವರು ನಕ್ಕು, "ಶನಿವಾರ ನಾವು ಏನೂ ಕೆಲಸ ಮಾಡಲ್ಲ ಅಮ್ಮಾ. ಹಿಂದೆ ನಮ್ಮವರು ಎಣ್ಣೆ ಗಾಣ ನಡೆಸ್ತಿದ್ರು. ಶನಿವಾರ ಗಾಣ ಬಂದ್. ಅದಕ್ಕೆ ಊರವರು ನಮಗೆ ಶನಿವಾರ ತೇಲಿ ಅಂದ್ರು" ಅಂದ್ರು. ತೇಲಿ ಅಂದ್ರ ಗಾಣಿಗರು.

ಯವ್ವನ ಮಾರಿ ಅರಳಿತು. ಶನಿವಾರ! ಎಣ್ಣಿ! ಇನ್ನೇನು ಪುರಾವೆ ಬೇಕು? ಒಳಗ ಹೋಗಿ ಒಂದು ಬಟ್ಟಲ ಎಳ್ಳೆಣ್ಣಿ ತಂದು ಮುಂದ ಇಟ್ಟು, ದನಿ ತಗ್ಗಿಸಿ ಕೇಳಿದ್ಲು: "ಯಪ್ಪಾ, ಶನಿ ಹಿಡದು ಎಷ್ಟು ವರ್ಷ ಆತು?"

ಸಾಹೇಬರು ಶನಿವಾರ ಹಿಡದು ಎಷ್ಟು ವರ್ಷ ಆತು ಅಂತ ಕೇಳ್ಯಾಳ ಅಂತ ತಿಳದು, ಲೆಕ್ಕ ಹಾಕಿ, "ಮೂರು ಸಾವಿರ ವರ್ಷ ಆಗಿರಬೇಕು ಅಮ್ಮಾ" ಅಂದ್ರು.

ಯವ್ವ ಎದಿ ಮ್ಯಾಲ ಕೈ ಇಟ್ಟಗೊಂಡ್ಲು. "ಅಯ್ಯ ನನ್ನ ಶಿವನ! ನಮ್ಮ ಮನಿಯವರಿಗೆ ಏಳೂವರಿ ವರ್ಷಕ್ಕ ಬಿಡ್ತಲ್ಲೋ!"

ಚೀಕಲಪರ್ವಿ ದಾರ್ಯಾಗ

ಒಂದಿನ ಚೀಕಲಪರ್ವಿ ಕಡೆ ಹೊಂಟಿದ್ವಿ. ಎಷ್ಟು ದಿನ ಬಾಯಿ ಮುಚ್ಚಿಕೊಂಡಿರಾಕ ಆಗ್ತದ? ಕೇಳೇಬಿಟ್ಟೆ.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಮೆಸ್ಸೀಯ, ಅಂದ್ರ ದೇವರು ಕಳಸ್ತೀನಿ ಅಂದ ರಕ್ಷಕ, ಯೇಸುಸ್ವಾಮಿಯಾಗಿ ಬಂದಾನ ಅಂತ ನಾವಂತೀವಿ. ನೀವ್ಯಾಕ ಒಪ್ಪಂಗಿಲ್ಲ?"

ಅವರು ಸಿಟ್ಟಾಗಲಿಲ್ಲ. "ಭಾವೂ, ಮೆಸ್ಸೀಯ ಅಂದ್ರೆ ಎಣ್ಣೆ ಅಭಿಷೇಕ ಆದವನು. ನಮ್ಮ ಪ್ರಕಾರ ಅವನು ದೇವರಲ್ಲ, ಮನುಷ್ಯ. ದಾವೀದ ರಾಜನ ವಂಶದವನು. ಅವನು ಬಂದ್ರೆ ಜಗಳ ಎಲ್ಲಾ ನಿಲ್ಲಬೇಕು. ನಿಂತಾವೇನು?" ಅಂದ್ರು.

ಸರಿಯಾಗಿ ಆ ಹೊತ್ತಿಗೆ ಮುಂದ ಎರಡು ಟ್ರ್ಯಾಕ್ಟರ್ ಎದುರಾಬದುರು ನಿಂತಿದ್ದವು. ಹಿಂದ ಸರಿಯೋರು ಯಾರು ಅಂತ ಇಬ್ಬರೂ ಡ್ರೈವರು ಅಂಗಿ ಹಿಡಕೊಂಡಿದ್ರು. ಸಾಹೇಬರು ಬರೇ ಆ ಕಡೆ ಕೈ ಮಾಡಿದ್ರು.

ನಾನೇನು ಬಿಡಾಂವಲ್ಲ. "ನಮ್ಮಾಂವ ದೇವರ ಮಗ. ಬಂದು, ನಮ್ಮ ಪಾಪಕ್ಕ ಶಿಲುಬಿ ಮ್ಯಾಲ ಸತ್ತು, ಮೂರನೇ ದಿನ ಎದ್ದು ಮ್ಯಾಲ ಹೋಗ್ಯಾನ. ಮತ್ತ ಬರ್ತಾನ. ಜಗಳ ಅವಾಗ ನಿಲ್ಲತಾವ" ಅಂದೆ.

"ಅಂದ್ರೆ ನೀವೂ ಕಾಯ್ತಾ ಇದ್ದೀರಿ?"

"ಹೂಂ ಮತ್ತ."

"ನಾವೂ ಕಾಯ್ತಾ ಇದ್ದೀವಿ" ಅಂದು ಅವರು ಕುಸುಬಿ ಹೊಲದ ಕಡೆ ಮಾರಿ ತಿರುವಿದ್ರು. ಖರೇ ಹೇಳಬೇಕಂದ್ರ ಆ ಗಳಿಗ್ಯಾಗ ಅವರ ಮ್ಯಾಲ ನನಗ ಪ್ರೀತಿ ಹುಟ್ಟಿತು. ಪ್ರೀತಿ ಹುಟ್ಟಿತಲ್ಲಾ ಅಂತ ಮತ್ತ ಅನುಮಾನಾನೂ ಹುಟ್ಟಿತು. ಸಂಜಿಕ ಹೆಂಡತಿಗೆ ಇದನ್ನೆಲ್ಲಾ ಹೇಳಿದ್ರ, ಅಕಿ ನನ್ನ ನೆತ್ತಿ ಸವರಿ ನೋಡಿದ್ಲು. ಟೊಪಿಗಿ ಏನರ ಬಂದದೇನು ಅಂತ.

ಬಂದೆ ರೀ

ಕುರ್ಡಿಯಾಗ ಒಂದು ತ್ವಾಟದ ಮೋಟಾರ್ ಸುಟ್ಟು ಹೋತು. ನೀರಿಲ್ಲಂದ್ರ ಸಾಹೇಬರ ಪೈಪು ಏನು ಮಾಡ್ತಾವ? ಅವಾಗ ಈ ನಮ್ಮ ದೇವದುರ್ಗದ ಬೀಗರೇ ನನಗ ಫೋನಿನ್ಯಾಗ ಹೇಳಿದ್ರು: "ನಮ್ಮೂರಾಗ ಒಬ್ಬ ಮೋಟಾರ್ ಮಿಸ್ತ್ರಿ ಅದಾನ. ಕೆಲಸ ಒಂದನೇ ನಂಬರ್. ನಾನು ಹೇಳೀನಿ ಅಂತ ಹೇಳ್ರಿ."

ಮಿಸ್ತ್ರಿಗೆ ಮುಂಜಾನೆ ಎಂಟಕ್ಕ ಫೋನ್ ಹಚ್ಚಿದೆ. "ಬಂದೆ ರೀ!" ಅಂದ. ಸಾಹೇಬರು ಎದ್ದು ನಿಂತು ಅಂಗಿ ಸರಿ ಮಾಡಿಕೊಂಡು ದಾರಿ ನೋಡಿದ್ರು. ಹತ್ತಕ್ಕ ಹಚ್ಚಿದೆ. "ಬಂದೇಬಿಟ್ಟೆ ರೀ!" ಹನ್ನೆರಡಕ್ಕ, "ಅಯ್ಯ, ನಿಮ್ಮ ಮುಂದನ ಅದೀನ್ರೀ!" ಸಾಹೇಬರು ಮುಂದ ನೋಡಿದ್ರು. ಒಂದು ಎಮ್ಮಿ ಇತ್ತು.

"ಭಾವೂ, ವ್ಯಾಕರಣ ಸ್ವಲ್ಪ ಹೇಳಿ. 'ಬಂದೆ' ಅಂದ್ರೆ ಬಂದು ಆಗಿದೆ ಅಂತ ಅಲ್ವಾ?"

"ಪುಸ್ತಕದಾಗ ಹಂಗ ಸಾಹೇಬ್ರ. ನಮ್ಮ ಕಡೆ ಬಂದೆ ಅಂದ್ರ ಇನ್ನೂ ಹೊಂಟಿಲ್ಲ ಅಂತ. ಹೊಂಟೀನಿ ಅಂದ್ರ ಇನ್ನೂ ಎದ್ದಿಲ್ಲ ಅಂತ. ನಾಳೆ ಬರ್ತೀನಿ ಅಂದ್ರ ನಂಬರ್ ಅಳಿಸಿ ಹಾಕಬೇಕು."

ಸಾಹೇಬರು ಜೇಬಿನ ಪುಸ್ತಕ ತಗದು ಬರಕೊಂಡ್ರು.

ಹಿಂಗ ಎರಡು ದಿನ ಕಾದ್ವಿ. ಎರಡನೇ ದಿನ ಮಧ್ಯಾಹ್ನ, ತಲಿ ಕಾದು ಹೆಂಚಾಗಿತ್ತು, ಬಗಲಾಗ ಟ್ರ್ಯಾಕ್ಟರ್ ಭರ್ ಅಂತಿತ್ತು, ಅಂಥಾದ್ರಾಗ ಬೀಗರ ಫೋನ್ ಬಂತು. ದನಿ ಭಾಳ ಗಂಭೀರ ಇತ್ತು.

"ಬೀಗರ, ಒಂದ ಮಾತು ಕೇಳ್ತೀನಿ. ದೇವರ ಮುಂದ ಹೇಳಿದಂಗ ಖರೇ ಹೇಳ್ರಿ. ಬಂದಾನೋ, ಇಲ್ಲೋ?"

ಪಾಪ, ತಾವು ಕಳಿಸಿದ ಮಿಸ್ತ್ರಿ ಬಗ್ಗೆ ಎಷ್ಟು ಕಾಳಜಿ ಅಂತ ನನಗ ಕಣ್ಣಾಗ ನೀರ ಬರೋದೊಂದು ಬಾಕಿ.

"ಎಲ್ಲೀದ್ರೀ! ಬಂದೇ ಇಲ್ಲ!" ಅಂತ ಟ್ರ್ಯಾಕ್ಟರ್ ಸಪ್ಪಳದಾಗ ಒದರಿದೆ.

"ಏನಂದ್ರಿ?"

"ಬಂದಿಲ್ಲ ರೀ ಬೀಗರ! ನೀವ ಹೇಳಿದ್ರಿ ಅಂತ ನಂಬಿ ಕೆಟ್ವಿ. ಬರೇ ಸುಳ್ಳು! ಇನ್ನ ಅಂವನ ಹೆಸರ ಎತ್ತಬ್ಯಾಡ್ರಿ. ಈ ಸಾಹೇಬರು ಬ್ಯಾರೆ ಒಬ್ಬಾಂವನ್ನ ಹುಡುಕೋಣ ಅಂತಾರ!"

ಫೋನ್ ಕಟ್ ಆತು. ನೆಟ್‌ವರ್ಕ್ ಹೋತು ಅಂದುಕೊಂಡೆ. ಹೋಗಿದ್ದು ನೆಟ್‌ವರ್ಕ್ ಅಲ್ಲ, ಸಂಬಂಧ. ಸಂಜಿಕ ಮನಿಗೆ ಹೋದ್ರ ಹೆಂಡತಿ ಬಾಗಿಲದಾಗ ನಿಂತಿದ್ಲು, ಮಗಳು ಒಳಗ ಅಳಾಕತ್ತಿದ್ಲು. ನಾನು ಯೆಹೂದಿ ಜೋಡಿ ತಿರಗಾಕತ್ತೀನಿ ಅಂತ ಬೀಗರ ಕಿವಿಗೆ ಯಾರೋ ಹಾಕಿದ್ರಂತ. ಅವರು ಕೇಳಿದ್ದು ಮಿಸ್ತ್ರಿನ್ನಲ್ಲ, ಮೆಸ್ಸೀಯನ್ನ!

"ಯೇಸುಸ್ವಾಮಿಗೆ ಸುಳ್ಳ ಅಂದ್ಯಂತಲ್ಲೋ ಮೂಳಾ! ಬ್ಯಾರೆದಾಂವನ್ನ ಹುಡುಕಾಕತ್ತೀರಂತ!" ಅಂತ ಹೆಂಡತಿ ಹಣಿ ಬಡಕೊಂಡ್ಲು.

ಮಗಳು ಕಣ್ಣು ಒರಸಿಕೊಂಡು ಅಂದ್ಲು: "ಅಪ್ಪಾ, ಮೆಸ್ಸೀಯನ ವಿಚಾರ ಆಮ್ಯಾಲ ಮಾಡು. ಮೊದಲ 'ಯಾರು' ಅಂತ ಕೇಳೋದು ಕಲಿ."

ಸೋಮವಾರ ಹತ್ತು ಗಂಟಿಗೆ

ಕೈ ಕಾಲು ಹಿಡಿದು ಕಡೀಕ ಬೀಗರನ್ನ ಒಪ್ಪಿಸಿದ್ವಿ. "ಸೋಮವಾರ ಮುಂಜಾನೆ ಹತ್ತಕ್ಕ ಬರ್ತೀವಿ. ಆ ಯೆಹೂದಿನೂ ಇರಬೇಕು. ಮಾರಿಗೆ ಮಾರಿ ಕೇಳ್ತೀನಿ. ಸರಿ ಅನಿಸಿದ್ರ ಮಾತು ಮುಂದ, ಇಲ್ಲಂದ್ರ ಎಲೆ ಊಟಾನೂ ಮಾಡಂಗಿಲ್ಲ" ಅಂದ್ರು.

ಸೋಮವಾರ ಒಂಬತ್ತಕ್ಕ ಎಲ್ಲಾ ತಯಾರ. ಮಗಳು ಹೊಸ ಸೀರಿ ಉಟ್ಟು ತುದಿಗಾಲ ಮ್ಯಾಲ ನಿಂತಿದ್ಲು. ಸಾಹೇಬರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, "ತಪ್ಪು ನನ್ನಿಂದ ಆಗಿದೆ, ನಾನೇ ಬಾಗಿಲಲ್ಲಿ ಸ್ವಾಗತ ಮಾಡ್ತೀನಿ" ಅಂತ ಹೊಸ್ತಿಲದಾಗ ನಿಂತ್ರು. ಹತ್ತಕ್ಕ ಫೋನ್ ಹಚ್ಚಿದೆ, ಎಲ್ಲರಿಗೂ ಕೇಳಿಸಲಿ ಅಂತ ಸ್ಪೀಕರ್ ಹಾಕಿದೆ.

"ಬಂದ್ವಿ ಬೀಗರ, ಬಂದೇಬಿಟ್ವಿ! ನಿಮ್ಮ ಓಣಿ ಬಾಯಾಗ ಅದೀವಿ!" ಅಂದ್ರು ಬೀಗರು. ಹಿಂದಿನಿಂದ ಅವರ ಹೆಂಡತಿ ದನಿ ಕೇಳಿತು: "ಫೋನ್ ಇಡ್ರಿ ಸಾಕು, ಜಳಕದ ನೀರು ಆರಾಕತ್ತಾವ!"

ದೇವದುರ್ಗದಿಂದ ರಾಯಚೂರಿಗೆ ಏನಿಲ್ಲಂದ್ರೂ ಒಂದೂವರಿ ತಾಸು. ನನ್ನ ಹೆಂಡತಿ ಪಲಾವಿನ ಬೋಗಾಣಿ ಇಳಿಸಿದ್ಲು. ಸಾಹೇಬರು ಮಾತ್ರ ಹೊಸ್ತಿಲ ಬಿಡಲಿಲ್ಲ. ಕುರ್ಚಿ ಕೊಟ್ಟರ, "ಇರಲಿ ಭಾವೂ, ನಮಗೆ ರೂಢಿ ಅದೆ" ಅಂದ್ರು.

ಒಂದು ಗಂಟಿಗೆ ಬೀಗರು ಬಂದ್ರು. ಕಾಲಾಗಿನ ಜೋಡು ಕಳೆಯೋಕಿಂತ ಮೊದಲ ಸಾಹೇಬರನ್ನ ಅಡಿಯಿಂದ ಮುಡಿತನಕ ನೋಡಿದ್ರು. ನಾನು ಮಿಸ್ತ್ರಿ ಕತಿ ಹೇಳಾಕ ಹೋದೆ, ಕೈ ಎತ್ತಿ ಸುಮ್ಮನಿರಿಸಿದ್ರು.

"ಸಾಹೇಬ್ರ, ಮೆಸ್ಸೀಯ ಬಂದಾನ ಅಂತ ಎರಡು ಸಾವಿರ ವರ್ಷದಿಂದ ಹೇಳಾಕತ್ತೀವಿ. ನಿಮಗ ಯಾಕ ನಂಬಿಕಿ ಬರವಲ್ಲದು?"

ಮಗಳು ಬಾಗಿಲ ಸಂದ್ಯಾಗ ಉಸಿರು ಹಿಡಿದು ನಿಂತಿದ್ಲು. ಸಾಹೇಬರು ಕೈ ಮುಗಿದು, ನನ್ನಿಂದ ಕಲ್ತ ಕನ್ನಡದಾಗ ಅಂದ್ರು:

"ಯಪ್ಪಾ, ಹತ್ತಕ್ಕ ನೀವು ಬಂದೇಬಿಟ್ವಿ ಅಂದ್ರಿ. ಈ ಮನ್ಯಾಗ ಎಲ್ಲಾರೂ ನಂಬಿದ್ರು. ನಾನು ದಾರಿ ನೋಡಿದೆ, ನೀವು ಕಾಣಲಿಲ್ಲ. ಆದ್ರ ನೀವು ಬರಂಗಿಲ್ಲ ಅಂತ ನಾನು ಒಮ್ಮೆಯೂ ಅನ್ನಲಿಲ್ಲ. ಮೂರು ತಾಸು ಹೊಸ್ತಿಲದಾಗ ನಿಂತೀನಿ. ನಂಬಿಕಿ ಇಲ್ಲದಾಂವ ಹಿಂಗ ನಿಲ್ಲತಾನೇನ್ರಿ?"

ಬೀಗರ ಹೆಂಡತಿ ಸೆರಗು ಬಾಯಿಗೆ ಹಿಡಕೊಂಡು ನಗಾಕ ಹತ್ತಿದ್ರು. "ಚಲೋ ಹೇಳಿದ್ರಿ ಯಣ್ಣಾ! ಇವರು ಬಂದ್ವಿ ಅಂದಾಗ ಮೈ ಮ್ಯಾಲ ಬರೇ ಟವೆಲ್ ಇತ್ತು!"

ಬೀಗರು ಎಷ್ಟೊತ್ತು ತಡಕೊಂಡಾರು? ಮೀಸಿ ಕುಣೀತು, ಆಮ್ಯಾಲ ಹೊಟ್ಟಿ ಕುಣೀತು. "ನಮ್ಮಾಂವ ಒಮ್ಮೆ ಬಂದು ಹೋಗ್ಯಾನ್ರೀ, ಅದರಾಗ ನಾ ಬಿಡಾಂವಲ್ಲ" ಅಂದ್ರು. "ಬಿಡಬ್ಯಾಡ್ರಿ" ಅಂದ್ರು ಸಾಹೇಬರು. "ಹಂಗಾದ್ರ ಊಟಕ್ಕ ಎಲೆ ಹಾಕ್ರಿ" ಅಂದ್ರು ಬೀಗರು. ಸಂದ್ಯಾಗಿನ ಮಗಳು ಉಸಿರು ಬಿಟ್ಟ ಸಪ್ಪಳ ನನ್ನ ತನಕ ಕೇಳಿತು.

ಎಲೆಗೆ ಪಲಾವು ಬೀಳಾಕತ್ತಿತ್ತು, ನನ್ನ ಫೋನ್ ಒದರಿತು. ಸ್ಪೀಕರ್ ಹಂಗ ಇತ್ತು.

"ಅಣ್ಣಾರ, ನಾನ್ರೀ ಮೋಟಾರ್ ಮಿಸ್ತ್ರಿ! ಕುರ್ಡಿಗೆ ಬಂದೀನಿ, ನಿಮ್ಮ ಮೋಟಾರಿನ ಮುಂದನ ಅದೀನಿ!"

ಬೀಗರು ಸಾಹೇಬರ ಮಾರಿ ನೋಡಿದ್ರು, ಸಾಹೇಬರು ಬೀಗರ ಮಾರಿ ನೋಡಿದ್ರು. ಕ್ರೈಸ್ತರು, ಯೆಹೂದ್ಯರು ನನ್ನ ಮನಿ ಊಟದ ಸಾಲಿನ್ಯಾಗ ಒಂದ ದನಿಲೆ ಅಂದ್ರು:

"ಬಂದಿಲ್ಲ!"