ಧರಣಿಗೊಂದು ನಿರೂಪಣೆ

ಮೈಕು ಕಂಡರೆ ನನಗೆ ಕೈ ತುರಿಸುತ್ತದೆ. ಕೆಲವರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ನಶ್ಯದ ಹುಚ್ಚು, ನನಗೆ ಮೈಕಿನದು. ಹೈಸ್ಕೂಲಿನಲ್ಲಿ ಅಷ್ಟು ವರ್ಷ ನಾನು ಹೇಳಿದ ಸಮಾಜ ಪಾಠ ಯಾವ ಹುಡುಗನಿಗೂ ನೆನಪಿಲ್ಲ. ಸ್ಕೂಲ್ ಡೇ ದಿನ ಮಾಡುತ್ತಿದ್ದ ನಿರೂಪಣೆಯನ್ನು ಮಾತ್ರ ಯಾರೂ ಮರೆತಿಲ್ಲ. ಅದು ಮುಗಿಯುವಷ್ಟರಲ್ಲಿ ಪಲಾವು ಆರಿ ಕಲ್ಲಾಗುತ್ತಿತ್ತಂತೆ. ನಿವೃತ್ತಿಯಾದ ಮೇಲೆ ನಾಮಕರಣ, ಗೃಹಪ್ರವೇಶ ಎಂದು ಹೇಗೋ ಚಟ ತೀರಿಸಿಕೊಳ್ಳುತ್ತಿದ್ದೆ. ಒಮ್ಮೆ ಒಬ್ಬರ ತಿಥಿಯಲ್ಲಿ ಬಾಯಿತಪ್ಪಿ "ಈ ಶುಭ ಸಮಾರಂಭಕ್ಕೆ ಆಗಮಿಸಿರುವ" ಎಂದುಬಿಟ್ಟೆ. ಆ ಮನೆಯವರು ಈಗಲೂ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾರೆ.

ನನ್ನ ಹೆಂಡತಿ ಸರೋಜಳಿಗೆ ಮೈಕಿನ ಅಗತ್ಯವೇ ಇಲ್ಲ. ಅವಳು ಹಿತ್ತಿಲಲ್ಲಿ ನಿಂತು ಕರೆದರೆ ಹೊರಟ ಬಸ್ಸು ನಿಲ್ಲುತ್ತದೆ. ನಮ್ಮದು ಬೇಲೂರಿಗೂ ಹಳೇಬೀಡಿಗೂ ನಡುವೆ, ಟೂರಿಸ್ಟ್ ಬಸ್ಸುಗಳು ತಿರುಗಿಯೂ ನೋಡದೆ ಹೋಗುವ ಊರು. ಆದರೆ ವಾರದ ಸಂತೆ ಜೋರು. ಸೊಪ್ಪು, ಹುರುಳಿಕಾಯಿ, ಹಸಿಮೆಣಸಿನಕಾಯಿ ಹರಡಿಕೊಂಡು ಬೆಳಿಗ್ಗೆ ಕೂತ ಹೆಂಗಸರು ಏಳುವುದು ಹೊತ್ತು ಮುಳುಗಿದ ಮೇಲೆಯೇ. ಇವರಿಗಾಗಿಯೇ ಸಂತೆ ಮೈದಾನದ ಅಂಚಿನಲ್ಲಿ ಒಂದು ಶೌಚಾಲಯ ಕಟ್ಟಿ, ಗುಲಾಬಿ ಬಣ್ಣ ಬಳಿದು, ಭದ್ರವಾಗಿ ಬೀಗ ಜಡಿದಿದ್ದರು. ಕೇಳಿದರೆ, ಉದ್ಘಾಟನೆಗೆ ದೊಡ್ಡವರ ಡೇಟು ಸಿಕ್ಕಿಲ್ಲ ಎಂಬ ಉತ್ತರ. ಬಣ್ಣ ಬಿಸಿಲಿಗೆ ಬೆಳ್ಳಗಾಯಿತು, ಬಾಗಿಲ ಚಿಲಕಕ್ಕೆ ಯಾರೋ ಮೇಕೆ ಕಟ್ಟತೊಡಗಿದರು, ಡೇಟು ಮಾತ್ರ ಸಿಗಲಿಲ್ಲ.

ಒಂದು ಸಂತೆಯ ದಿನ ಸೊಪ್ಪಿನ ಕೆಂಪಮ್ಮ ಬಿಸಿಲಿಗೆ ತಲೆ ಸುತ್ತಿ ತನ್ನ ದಂಟಿನ ಸೊಪ್ಪಿನ ಮೇಲೇ ಬಿದ್ದಳು. ಅಲ್ಲೇ ಇದ್ದ ಸರೋಜ ಎತ್ತಿ ಕೂರಿಸಿ ನೀರು ಹಿಡಿದರೆ ಆಕೆ ಬಾಯಿ ಬಿಗಿದುಕೊಂಡು ತಲೆಯಾಡಿಸಿದಳು.

"ಬ್ಯಾಡ ಕಣಕ್ಕ. ನೀರು ಕುಡುದ್ರೆ ಎಲ್ಲಿಗ್ ಹೋಗ್ಲಿ? ಸಂತೆ ದಿನ ನಾನು ನೀರು ಮುಟ್ಟಾಕಿಲ್ಲ."

ಆವತ್ತು ಮನೆಗೆ ಬಂದ ಸರೋಜ ನನಗೆ ಕಾಫಿಯನ್ನೂ ಕೊಡಲಿಲ್ಲ. ಮಾರನೆಯ ದಿನವೇ ನಮ್ಮ ಜಗಲಿಯ ತುಂಬ ಹೆಂಗಸರು. ಸಂಘ ಹುಟ್ಟಿತು. ಜೊತೆಗೆ ನನ್ನ ಕಷ್ಟವೂ ಹುಟ್ಟಿತು, ಏಕೆಂದರೆ ನನ್ನ ಆರಾಮ ಕುರ್ಚಿ ಇದ್ದದ್ದು ಅದೇ ಜಗಲಿಯಲ್ಲಿ. ಕ್ಷೌರದಂಗಡಿಯಲ್ಲಿ "ಏನ್ಲಾ, ಮೇಷ್ಟ್ರು ಹೆಂಡ್ರು ರಾಜಕೀಯಕ್ಕೆ ಇಳಿದವ್ರಂತೆ" ಎಂಬ ಮಾತು ನನ್ನ ಕಿವಿಗೂ ಬಿತ್ತು. ನನಗೆ ಪಿಂಚಣಿಯ ಚಿಂತೆ. "ನಮಗ್ಯಾಕೆ ಊರ ಉಸಾಬರಿ ಕಣೇ" ಎಂದೆ. "ನಿಮಗೆ ಮನೇಲೇ ಬಚ್ಚಲಿದೆ, ಅದಕ್ಕೇ ಈ ಮಾತು ಬರ್ತದೆ" ಎಂದಳು. ನಾನು ಪೇಪರಿನ ಹಿಂದೆ ಅಡಗಿದೆ.

ಅಷ್ಟರಲ್ಲಿ ಬೆಂಗಳೂರಿನ ಯಾವುದೋ ಟ್ರಸ್ಟಿನವರು ಇವರ ಸುದ್ದಿ ಕೇಳಿಕೊಂಡು ಬಂದರು. ತಮ್ಮ ಊರಿನ ಹಕ್ಕನ್ನು ತಾವೇ ಕೇಳಲು ಒಟ್ಟಾಗುವ ಸಣ್ಣ ಸಣ್ಣ ಗುಂಪುಗಳಿಗೆ ಅವರು ಕಿರು ಸಹಾಯಧನ ಕೊಡುತ್ತಾರಂತೆ. ಕಿರು ಎಂದರೆ ನಿಜಕ್ಕೂ ಕಿರು. ಅದಕ್ಕೂ ಒಂದು ಷರತ್ತು: ಜನರನ್ನು ಸೇರಿಸಲು, ದನಿ ಎತ್ತಲು ಮಾತ್ರ ಬಳಸಬೇಕು, ಊಟ ತಿಂಡಿಗೆ ಖರ್ಚು ಮಾಡುವಂತಿಲ್ಲ. ಉಪ್ಪಿಟ್ಟಿಲ್ಲದ ಸಭೆಗೆ ನಮ್ಮ ಕಡೆ ಯಾರು ಬರುತ್ತಾರೆ? ಹೆಂಗಸರು ಬಹಳ ಹೊತ್ತು ಯೋಚಿಸಿ, ರೊಟ್ಟಿ ಮನೆಯಿಂದಲೇ ತರೋಣ, ಇವರ ದುಡ್ಡಿನಲ್ಲಿ ಶಾಮಿಯಾನ ಹಾಕಿಸಿ, ಮೈಕು ತರಿಸಿ, ಸಂತೆ ಮೈದಾನದಲ್ಲೇ ಧರಣಿ ಕೂರೋಣ ಎಂದು ತೀರ್ಮಾನಿಸಿದರು.

ಮೈಕು ಎಂಬ ಮಾತು ಬಿದ್ದಾಗ ನಾನು ಒಳಗೆ ಮಲಗಿದ್ದೆ. ಎದ್ದು ಹೊರಗೆ ಬಂದದ್ದು ನನಗೇ ಗೊತ್ತಾಗಲಿಲ್ಲ. "ಧರಣಿಗೆ ನಿರೂಪಣೆ ಯಾರದು?" ಎಂದೆ. "ಧರಣಿಗೆ ಎಂಥ ನಿರೂಪಣೆ ರೀ?" ಎಂದಳು ಸರೋಜ. ಆದರೆ ಹೆಂಗಸರು ದೊಡ್ಡ ಮನಸ್ಸಿನವರು. "ಮಾಡ್ಲಿ ಬುಡಕ್ಕ, ಪಾಪ" ಎಂದರು. ಆ ಪಾಪ ನನಗೆ ಚುಚ್ಚಬೇಕಿತ್ತು, ಚುಚ್ಚಲಿಲ್ಲ. ಪಿಂಚಣಿಯ ಚಿಂತೆಯೂ ಆ ಕ್ಷಣಕ್ಕೇ ಮಾಯವಾಯಿತು.

ಧರಣಿಯ ದಿನ ಅರಸೀಕೆರೆಯ ಶಾಮಿಯಾನದವನು ಕುರ್ಚಿ, ಮೈಕಿನ ಜೊತೆಗೆ ತಟ್ಟೆಯಲ್ಲಿ ರಿಬ್ಬನ್ನು, ಕತ್ತರಿಯನ್ನೂ ತಂದಿಟ್ಟ. ಯಾವ ಸಮಾರಂಭವಾದರೂ ಅವನು ಅವನ್ನು ತರುವುದೇ ವಾಡಿಕೆ. ಹೆಂಗಸರು ಬೀಗಕ್ಕೆ ಹಾಕಿ ಅಣಕಿಸಲೆಂದು ಒಂದು ದಪ್ಪ ಸೇವಂತಿಗೆ ಹಾರ ತಂದಿದ್ದರು. "ಬೀಗ ತೆಗೀರಿ, ಮಾನ ಉಳಿಸ್ರಿ" ಎಂದು ಮೈದಾನ ನಡುಗುವಂತೆ ಕೂಗು ಎದ್ದಿತು. ಮನವಿ ತೆಗೆದುಕೊಳ್ಳಲು ತಾಲ್ಲೂಕು ಕಚೇರಿಯಿಂದ ಸಾಹೇಬರ ಜೀಪು ಬಂತು. ಮುಖ ಬಿಗಿದುಕೊಂಡು, ಬೈಗುಳಕ್ಕೆ ಸಿದ್ಧರಾಗಿಯೇ ಅವರು ಇಳಿದರು.

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಆದರೆ ಶಾಮಿಯಾನದೊಳಗೆ ಇಸ್ತ್ರಿ ಬಟ್ಟೆಯವರೊಬ್ಬರು ಕಾಲಿಟ್ಟರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. "ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಇವರಷ್ಟು ದೊಡ್ಡವರು ಈ ತಾಲ್ಲೂಕಿನಲ್ಲೇ ಇಲ್ಲ, ಅಂಥವರನ್ನು ವೇದಿಕೆಗೆ ಆದರದಿಂದ..." ಎಂದು ಶುರು ಮಾಡಿದೆ. ಕೂಗು ಅರ್ಧಕ್ಕೆ ನಿಂತಿತು. ನನ್ನ ನಿವೃತ್ತಿಗೆ ಹೊದಿಸಿದ್ದ ಶಾಲನ್ನು, ಎಲ್ಲಾದರೂ ಬೇಕಾದೀತು ಎಂದು ನಾನು ಸದಾ ಚೀಲದಲ್ಲೇ ಇಟ್ಟುಕೊಂಡಿರುತ್ತೇನೆ. ಅದನ್ನು ಸಾಹೇಬರಿಗೆ ಹೊದಿಸಿದೆ. ಬೀಗದ ಹಾರವನ್ನು ಅವರ ಕೊರಳಿಗೆ ಹಾಕಿ "ಜೋರಾದ ಚಪ್ಪಾಳೆ" ಎಂದೆ. ಒಬ್ಬರೂ ತಟ್ಟಲಿಲ್ಲ. ಸಾಹೇಬರ ಮುಖ ಮಾತ್ರ ಅರಳಿತು. ಮೈಕು ತೆಗೆದುಕೊಂಡು, ಇಂಥ ಸುಸಂಸ್ಕೃತ ಜನರನ್ನು ತಾವು ಕಂಡೇ ಇಲ್ಲವೆಂದು ಭಾಷಣ ಮಾಡಿ, ಮನವಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, ಹೊರಡಲು ಎದ್ದರು. ನಾನು ಆಗ ಕೆಂಪಮ್ಮನ ಮುಖ ನೋಡಿದೆ. ಆಕೆ ಬಯ್ಯಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡಳು ಅಷ್ಟೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಇಷ್ಟು ತಿಂಗಳ ಹೆಂಗಸರ ಶ್ರಮವನ್ನು ನಾನು ಒಂದು ಶಾಲಿನಲ್ಲಿ ಸುತ್ತಿ ಕಳಿಸಿಕೊಡುತ್ತಿದ್ದೆ.

ಸರೋಜ ಎದ್ದಳು. ನನ್ನ ಕಡೆ ಒಂದು ನೋಟ ಬಿಸಾಕಿ ಮೈಕು ಕಿತ್ತುಕೊಂಡಳು.

"ಮೇಷ್ಟ್ರು ಒಂದು ಮರೆತ್ರು. ಸನ್ಮಾನ ಆಯ್ತು, ಈಗ ಉದ್ಘಾಟನೆ. ಸಾಹೇಬ್ರು ಹಿಂಗೆ ದಯಮಾಡಿಸ್ಬೇಕು."

"ಅಯ್ಯೋ, ನಾನಲ್ಲಮ್ಮ! ಅದಕ್ಕೆ ದೊಡ್ಡವರು ಬರಬೇಕು."

"ನಿಮ್ಮಷ್ಟು ದೊಡ್ಡವರು ತಾಲ್ಲೂಕಲ್ಲೇ ಇಲ್ಲ ಅಂತ ಈಗ ತಾನೇ ಮೇಷ್ಟ್ರು ಹೇಳಿದ್ರಲ್ಲ ಸಾರ್. ನೀವೂ ಬೇಡ ಅನ್ನಲಿಲ್ಲ."

ಈಗ ಬಿತ್ತು ನೋಡಿ ಚಪ್ಪಾಳೆ! ಶಾಮಿಯಾನದವನು ಓಡಿಹೋಗಿ ಬಾಗಿಲಿಗೆ ರಿಬ್ಬನ್ನು ಕಟ್ಟಿಯೇಬಿಟ್ಟ. ಮೇಕೆಯನ್ನು ಯಾರೋ ಬಿಚ್ಚಿದರು. ಬೀಗದ ಕೈ ಪಂಚಾಯ್ತಿಯ ನೀರುಗಂಟಿಯ ಉಡಿದಾರದಲ್ಲೇ ಇತ್ತು. ಅವನ ಹೆಂಡತಿಯೂ ಸಂಘದಲ್ಲಿದ್ದುದರಿಂದ ಅದು ಬೇಗನೆ ಹೊರಗೆ ಬಂತು. ಹಾರ ಹಾಕಿಕೊಂಡು, ಶಾಲು ಹೊದ್ದುಕೊಂಡ ಮನುಷ್ಯ ಅಷ್ಟು ಜನರೆದುರು ಕತ್ತರಿ ಹಿಡಿಯುವುದಿಲ್ಲ ಎನ್ನುವುದು ಹೇಗೆ? ಸಾಹೇಬರು ಕತ್ತರಿಸಿದರು. ಆಮೇಲೆ ದೊಡ್ಡವರಿಗೆ ಏನು ಹೇಳುವುದೆಂಬ ಗಾಬರಿಯಲ್ಲಿ ಶಾಲನ್ನು ಕುರ್ಚಿಯ ಮೇಲೇ ಬಿಟ್ಟು ಜೀಪು ಹತ್ತಿದರು. ಕೆಂಪಮ್ಮ ಯಾರಿಗೂ ಕಾಯದೆ ಒಳಗೆ ನಡೆದಳು. ನಾನು ಸುಮ್ಮನಿರಬೇಕಿತ್ತು. "ಪ್ರಪ್ರಥಮವಾಗಿ ಶ್ರೀಮತಿ ಕೆಂಪಮ್ಮನವರು..." ಎನ್ನುವಷ್ಟರಲ್ಲಿ ಸರೋಜ ಮೈಕಿನ ವೈರು ಕಿತ್ತಳು.

ಸಂಘದವರು ಕಳಿಸಿದ ಫೋಟೋ ನೋಡಿ ಟ್ರಸ್ಟಿನವರು ಫೋನು ಮಾಡಿದರು. ಇದು ಸನ್ಮಾನದ್ದಲ್ಲವೇ, ಧರಣಿಯ ಫೋಟೋ ಎಲ್ಲಿ ಎಂದರು. "ನಮ್ಮ ಕಡೆ ಧರಣಿ ಹಿಂಗೇ ಕಣಮ್ಮ" ಎಂದಳು ಸರೋಜ, ಒಂದಿಷ್ಟೂ ನಗದೆ.

ಮುಂದಿನ ಸಂತೆಯಲ್ಲಿ ಕೆಂಪಮ್ಮ ನಮ್ಮಿಬ್ಬರನ್ನೂ ನಿಲ್ಲಿಸಿ, ಪಕ್ಕದಲ್ಲಿದ್ದ ಚೊಂಬೆತ್ತಿ ಗಟಗಟನೆ ನೀರು ಕುಡಿದಳು. ಬಾಯಿ ಒರೆಸಿಕೊಂಡು "ನೋಡ್ರಿ ಮೇಷ್ಟ್ರೇ, ನಡು ಮಧ್ಯಾಹ್ನ!" ಎಂದಳು. ನನಗೆ ಹುಟ್ಟಿದಾರಭ್ಯ ಮೊದಲ ಬಾರಿಗೆ ಮಾತು ಹೊರಡಲಿಲ್ಲ.

ಸರೋಜಳಿಗೂ ಅದು ಗೊತ್ತಾಗಿರಬೇಕು. ದಾರಿಯಲ್ಲಿ ಮೆತ್ತಗೆ ಕೇಳಿದಳು, "ಮುಂದಿನ ತಿಂಗಳು ಬಸ್ಸಿಗೋಸ್ಕರ ಧರಣಿ ಇದೆ. ಆ ಶಾಲು ಎಲ್ಲಿಟ್ಟಿದ್ದೀರಿ?"

"ಚೀಲದಲ್ಲೇ ಇದೆ. ಎಷ್ಟು ಹೊತ್ತಿಗೆ ಬರಲಿ?" ಎಂದೆ, ಎದೆಯುಬ್ಬಿಸಿ.

"ಶಾಲು ಕೊಡಿ ಸಾಕು" ಎಂದಳು. "ನೀವು ಮನೇಲಿರಿ."